ರೊಟ್ಟಿಯ ಬಿಸಿ ತಾಗದ ಕೈ

ಅವತ್ತು ಎದ್ದ ಕೂಡಲೇ ಅಂಗಳ ಗುಡಿಸಿ ನೀರು ಹಾಕಿದೆ. ಹಂಡೆ ತುಂಬಿ ಉರಿ ಹಚ್ಚಿದೆ. ನೆನೆಸಿಟ್ಟ ಮಡಕೆಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆಗೆ ಇಟ್ಟೆ. ಬದನೆಕಾಯಿ ಸೀಳಿ ಉಪ್ಪುನೀರಿಗೆ ಹಾಕಿದೆ. ಶೇಂಗಾ ಹುರಿದು, ಸಿಪ್ಪೆ ಹಾರಿಸಿ, ಚಟ್ನಿ ಕುಟ್ಟಿದೆ. ಅತ್ತೆಯ ಕಣ್ಣಿಗೆ ಔಷಧದ ಹನಿ ಬಿಟ್ಟೆ. ಹಿಟ್ಟು ಸಾಣಿಸಿ, ಎಸರಿಟ್ಟು, ಹನ್ನೊಂದರೊಳಗೆ ಎರಡು ಬುಟ್ಟಿ ರೊಟ್ಟಿ ಬಡಿದೆ. ಬಸವನ ಬಾಗೇವಾಡಿಗೆ ಕೊಟ್ಟ ಮಗಳ ಪತ್ರ ಬಂದಿತ್ತು. ಒಲೆಯ ಮುಂದೆ ಕೂತೇ ಎರಡು ಸಲ ಓದಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವಳಿಗೆ ಎರಡು ತಿಂಗಳಾಗಿತ್ತು. ಚೊಚ್ಚಲ ಹೆರಿಗೆ, ತವರಿಗೇ ಬರಬೇಕು.

ಇದೆಲ್ಲ ನೆನಪಿನಿಂದ ಬರೆಯುತ್ತಿಲ್ಲ. ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ದಿನದ ಕೆಲಸ ಗುರುತು ಹಾಕಿಡುವ ರೂಢಿ ನನಗೆ ಮದುವೆಯಾದಾಗಿನಿಂದ ಇದೆ. ವರ್ಷ ಮುಗಿದ ಮೇಲೂ ಆ ಹಾಳೆಗಳನ್ನು ಎಸೆಯುವುದಿಲ್ಲ. ಆ ದಿನದ ಚೌಕದ ಕೊನೆಯಲ್ಲಿ ಹೀಗಿದೆ: "ಬಲಗೈ ಕಿರುಬೆರಳಿಗೆ ಸುಟ್ಟ ಗುಳ್ಳೆ. ಯಾವಾಗ ಆಯಿತೋ ಗೊತ್ತಿಲ್ಲ."

ನಮ್ಮದು ಸಿಂದಗಿಯಲ್ಲಿ ಖಾನಾವಳಿ. ಮನೆಯ ಮುಂದಿನ ಪಡಸಾಲೆಯಲ್ಲಿ ನಾಲ್ಕು ಬೆಂಚು, ಹಿಂದೆ ಅಡುಗೆಮನೆ. ಒಲೆಯ ಮುಂದೆ ನಾನು, ಬಡಿಸಲು ನಮ್ಮ ಮನೆಯವರು, ಮಧ್ಯದ ಬಾಗಿಲಲ್ಲಿ ಕೂತು ಇಬ್ಬರನ್ನೂ ನಡೆಸಲು ಅತ್ತೆ. ಮಾಸ್ತರರು, ಬಸ್ಸಿನ ಕಂಡಕ್ಟರರು, ಕಚೇರಿಯ ಕೆಲಸಕ್ಕೆ ಬಂದ ಹಳ್ಳಿಯವರು ಉಣ್ಣಲು ಬರುತ್ತಿದ್ದರು. ಅವರೆಲ್ಲರ ಬಾಯಲ್ಲಿ ನನ್ನ ಕೈಯದೇ ಮಾತು. ಹಂಚಿನ ಮೇಲಿನ ರೊಟ್ಟಿಯನ್ನು ನಾನು ಚಿಮಟ ಇಲ್ಲದೆ ಬರಿಗೈಯಲ್ಲೇ ತಿರುವುತ್ತಿದ್ದೆ. ಕೆಂಡದ ಮಗ್ಗುಲಿಗೆ ಇಟ್ಟು ಉಬ್ಬಿಸಿ ಬರಿಗೈಯಲ್ಲೇ ಎತ್ತುತ್ತಿದ್ದೆ. ರೊಟ್ಟಿ ಮಾಡುವವರೆಲ್ಲ ಅಷ್ಟಿಷ್ಟು ಹಾಗೆ ಮಾಡುತ್ತಾರೆ, ಆದರೆ ಒಂದು ವರ್ಷದಿಂದ ನನ್ನ ಬೆರಳು ಹಂಚಿನ ಮೇಲೆ ಬೇರೆಯವರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದವು. "ಸುವರ್ಣಕ್ಕನ ಕೈ ಕಂಡ್ರ ಬೆಂಕಿನೂ ಸರದು ನಿಂದರ್ತೈತಿ" ಎಂದು ಕಂಡಕ್ಟರೊಬ್ಬರು ಹೇಳಿದಾಗ ಅತ್ತೆ ವಾರಗಟ್ಟಲೆ ಅದನ್ನೇ ಹೇಳಿಕೊಂಡು ತಿರುಗಿದರು. ನನಗೂ ಒಳಗೊಳಗೆ ಹೆಮ್ಮೆಯಿತ್ತು. ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಮುಂಗೈ ಹತ್ತಿರ ಅಂಗೈಯಗಲದ ಒಂದು ಮಾಸಲು ಮಚ್ಚೆ ಇತ್ತು. ಒಲೆಯ ಝಳಕ್ಕೆ ಬಣ್ಣ ಹೋಗಿದೆ ಅಂದುಕೊಂಡಿದ್ದೆ.

ಗುಳ್ಳೆ ಕಂಡವರು ಇಬ್ರಾಹಿಂ ಸರ್. ನಡುವಯಸ್ಸಿನವರು, ಮುದ್ದೇಬಿಹಾಳದವರು. ಊರೂರು ತಿರುಗಿ ಜನರ ಮೈಮೇಲಿನ ಮಚ್ಚೆ ನೋಡುವುದೇ ಅವರ ಸರಕಾರಿ ಕೆಲಸ. ಇವತ್ತು ಯಂಕಂಚಿ, ನಾಳೆ ಕನ್ನೊಳ್ಳಿ. ಹೆಂಡತಿ ಮಕ್ಕಳು ಊರಲ್ಲಿದ್ದರು, ಇಲ್ಲಿ ಖೋಲಿ ಹಿಡಿದು ನಮ್ಮಲ್ಲೇ ಉಣ್ಣುತ್ತಿದ್ದರು. ಅವತ್ತು ಮಜ್ಜಿಗೆ ಕೇಳಲು ಅಡುಗೆಮನೆಯ ಬಾಗಿಲಿಗೆ ಬಂದವರು ಹಾಗೇ ನಿಂತರು.

"ಅಕ್ಕಾರ, ಕಿರುಬೆರಳಿಗೆ ಗುಳ್ಳಿ ಎದ್ದೈತಲ್ರಿ. ಉರಿಯಾಕತ್ತಿಲ್ಲೇನ್ರಿ?"

"ಎಲ್ಲಿ?" ಎಂದು ನೋಡಿಕೊಂಡೆ. ಹೌದು, ಶೇಂಗಾಕಾಳಿನಷ್ಟು ನೀರುಗುಳ್ಳೆ. "ಹಂಚಿನ ಮುಂದ ಕುಂತಾಕಿಗೆ ಇವೆಲ್ಲ ಲೆಕ್ಕಕ್ಕಿಲ್ರಿ ಸರ. ರೂಢಿ ಆಗೈತಿ."

"ಎಷ್ಟು ದಿನ ಆತ್ರಿ, ರೂಢಿ ಆಗಿ?"

ನಾನು ಉತ್ತರ ಕೊಡುವ ಮೊದಲೇ ಅತ್ತೆ ನಡುವೆ ಬಾಯಿ ಹಾಕಿದರು. "ನಿಮ್ಮ ಹುಡುಕೂ ಕೆಲಸ ಹಳ್ಳ್ಯಾಗ ಇಟ್ಕೋರಿ ಸರ. ಸೊಸಿ ಕೈ ಮ್ಯಾಲೆ ದೃಷ್ಟಿ ಹಾಕಬ್ಯಾಡ್ರಿ. ಬೇಕಾದ್ರ ನಿಮ್ಮ ಹೇಣ್ತಿನ್ನ ಕಳಸ್ರಿ, ಕಲಿಸಿಕೊಡ್ತಾಳ."

"ಆಕಿ ಕಲತ್ರ ನಾ ಇಲ್ಲಿ ಯಾಕ ಬರ್ಲಿ ಅಮ್ಮಾರ" ಎಂದು ಅವರು ನಕ್ಕರು. ಆದರೆ ಕಣ್ಣು ನಗಲಿಲ್ಲ. ಅದು ನನಗೆ ಕಂಡಿತು.

ಮಧ್ಯಾಹ್ನ ಎಲ್ಲರೂ ಉಂಡು ಹೋದ ಮೇಲೆ, ಅತ್ತೆ ಅಡ್ಡಾದ ಹೊತ್ತು ನೋಡಿ, ಅವರು ಮತ್ತೆ ಬಂದರು. ಕೈಯಲ್ಲಿ ಒಂದು ಬಾಲ್ ಪೆನ್ನು, ಚೂರು ಹತ್ತಿ. ನಮ್ಮ ಮನೆಯವರನ್ನೂ ಹತ್ತಿರ ಕರೆದರು. ನನ್ನ ಕೈಯನ್ನು ಬೆಂಚಿನ ಮೇಲೆ ಇಡಿಸಿದರು.

"ಕಣ್ಣ ಮುಚ್ಚರಿ. ನಾ ಎಲ್ಲಿ ಮುಟ್ತೇನಿ, ಅಲ್ಲಿ ಎಡಗೈ ಬೆರಳಿನಿಂದ ತೋರಸ್ರಿ."

ಕಣ್ಣು ಮುಚ್ಚಿದೆ. ಎರಡು ಮೂರು ಕಡೆ ಮುಟ್ಟಿದರು, ತೋರಿಸಿದೆ. ಆಮೇಲೆ ಸುಮ್ಮನಾದರು. ಹೊರಗೆ ಬಸ್ಸು ಹಾರ್ನ್ ಹಾಕಿದ್ದು ಕೇಳಿತು. ನಾನು ಕಾಯುತ್ತಲೇ ಇದ್ದೆ.

"ಮುಟ್ರಿ ಸರ. ಒಲಿ ಮ್ಯಾಲೆ ಹಾಲೈತಿ."

"ಮುಟ್ಟಿ ಮುಗೀತ್ರಿ ಅಕ್ಕಾರ" ಎಂದರು ಅವರು.

ಕಣ್ಣು ತೆರೆದೆ. ಕಿರುಬೆರಳಿನ ಮೇಲೆ, ಅಂಗೈಯ ಹೊರ ಅಂಚಿನ ಮೇಲೆ, ಮಚ್ಚೆಯ ತುಂಬ ಪೆನ್ನಿನ ನೀಲಿ ಚುಕ್ಕೆಗಳಿದ್ದವು. ಎಷ್ಟೊಂದು ಚುಕ್ಕೆ. ಒಂದೂ ನನಗೆ ಗೊತ್ತಾಗಿರಲಿಲ್ಲ. ನನ್ನ ಕೈಯ ಮೇಲೆ ಯಾರೋ ಬರೆದು ಹೋಗಿದ್ದರು, ಆ ಹೊತ್ತು ನಾನು ಮನೆಯಲ್ಲಿ ಇರಲಿಲ್ಲ ಅನ್ನುವಂತೆ.

ಅವರು ರೋಗದ ಹೆಸರು ಹೇಳಿದರು. ಕುಷ್ಠ. ಆಮೇಲೆ ಬಹಳ ಹೇಳಿದರು. ಒಂದು ಬಗೆಯ ಕ್ರಿಮಿಯಿಂದ ಬರುತ್ತದೆ, ಚರ್ಮದಲ್ಲೂ ನರದಲ್ಲೂ ಕೂತುಕೊಳ್ಳುತ್ತದೆ, ಆರು ತಿಂಗಳು ಗುಳಿಗೆ ನುಂಗಿದರೆ ಗುಣವಾಗುತ್ತದೆ, ಶಾಪವೂ ಅಲ್ಲ ಪಾಪವೂ ಅಲ್ಲ. ಆ ಮಾತುಗಳನ್ನು ನಾನು ನಾಲ್ಕು ದಿನ ಬಿಟ್ಟು ಮತ್ತೆ ಕೇಳಿ ತಿಳಿದುಕೊಂಡೆ. ಆಗ ಕಿವಿಯಲ್ಲಿ ಉಳಿದದ್ದು ಮೊದಲಿನ ಒಂದು ಶಬ್ದ ಮಾತ್ರ. ನಮ್ಮ ಮನೆಗಳಲ್ಲಿ ಅದರ ಹೆಸರೂ ಎತ್ತುವುದಿಲ್ಲ, ದೊಡ್ಡ ಜಡ್ಡು ಎನ್ನುತ್ತಾರೆ. ಸೊಂಟದಲ್ಲಿದ್ದ ಮಗಳ ಪತ್ರವನ್ನು ಮುಟ್ಟಿ ನೋಡಿಕೊಂಡೆ, ಎಡಗೈಯಿಂದ.

"ಮಗಳು ಹಡ್ಯಾಕ ಬರ್ತಾಳ್ರಿ ಸರ. ಕೂಸಿಗೆ ನಾನ ನೀರು ಎರೀಬೇಕು. ಈ ಕೈಲೆ ಮುಟ್ಟಬಹುದೇನ್ರಿ?"

"ಗುಳಿಗಿ ಸುರು ಆತಂದ್ರ ನಿಮ್ಮಿಂದ ಯಾರಿಗೂ ಹತ್ತಂಗಿಲ್ರಿ. ಕೂಸಿಗೂ ಇಲ್ಲ, ಉಣ್ಣಾಕ ಬರೋ ಮಂದಿಗೂ ಇಲ್ಲ. ಕೈ ಕಾಯ್ಕೊಳ್ಳೂದು ಬ್ಯಾರೆ ಮಾತು. ಅದನ್ನ ಗುಳಿಗಿ ಮತ್ತ ನೀವು ಕೂಡಿ ಮಾಡ್ಬೇಕು."

ಮರುದಿನ ಅವರು ಉಣ್ಣಲು ಬರುತ್ತಾರೋ ಇಲ್ಲವೋ ಎಂದು ಬೆಳಿಗ್ಗೆಯಿಂದ ಬಾಗಿಲು ನೋಡುತ್ತಿದ್ದೆ. ಬಂದರು. ಮೂರು ರೊಟ್ಟಿ ತಿಂದು ನಾಲ್ಕನೆಯದಕ್ಕೆ ಕೈ ಚಾಚಿದರು. ರೋಗದ ಬಗ್ಗೆ ಅವರು ಹೇಳಿದ ಎಲ್ಲ ಮಾತಿಗಿಂತ ಆ ನಾಲ್ಕನೆಯ ರೊಟ್ಟಿಯನ್ನು ನಾನು ನಂಬಿದೆ.

ನಮ್ಮ ಮನೆಯವರು ಒಂದೇ ಮಾತು ಹೇಳಿದರು. "ಅವ್ವಗ ಗೊತ್ತಾಗೂದು ಬ್ಯಾಡ." ಒಲೆ, ಹಂಚು ಎರಡರ ಹತ್ತಿರವೂ ಚಿಮಟ ತಂದಿಟ್ಟರು. ಎರಡು ದಿನ ಬಿಟ್ಟು ಅವರು ನೀರಿನ ಹಂಡೆಯ ಹಿಂದೆ ನಿಂತು ಕಣ್ಣು ಮುಚ್ಚಿ ಕಡ್ಡಿಪೆಟ್ಟಿಗೆಯ ಕಡ್ಡಿಯಿಂದ ತಮ್ಮ ಕೈಯನ್ನೇ ಚುಚ್ಚಿಕೊಳ್ಳುವುದನ್ನು ನೋಡಿದೆ. ಬೇಸರವಾಗಲಿಲ್ಲ. ನನಗಿಂತ ಅವರಿಗೆ ಹೆಚ್ಚು ಹೆದರಿಕೆಯಾಗಿದೆ ಎಂದು ತಿಳಿದು ನನ್ನ ಹೆದರಿಕೆ ಇಮ್ಮಡಿಯಾಯಿತು.

ತಿಂಗಳಿಗೊಮ್ಮೆ ಕೆಂಪು ಗುಳಿಗೆಯನ್ನು ಇಬ್ರಾಹಿಂ ಸರ್ ಎದುರಿಗೇ ನುಂಗಬೇಕಿತ್ತು. ದಿನದ ಬಿಳಿ ಗುಳಿಗೆ ಮನೆಯಲ್ಲೇ. ಮೊದಲ ಸಲ ಕೆಂಪು ಗುಳಿಗೆ ನುಂಗಿದ ದಿನ ಮೂತ್ರ ಕುಂಕುಮದ ನೀರಿನಂತೆ ಹೋಯಿತು. ಹಾಗಾಗುತ್ತದೆ ಎಂದು ಅವರು ಹೇಳಿಯೇ ಇದ್ದರು. ಆದರೂ ಬಚ್ಚಲಲ್ಲಿ ಗೋಡೆ ಹಿಡಿದು ನಿಂತೆ. ಬಿಳಿ ಗುಳಿಗೆಗಳನ್ನು ಸಾಸಿವೆ ಡಬ್ಬಿಯಲ್ಲಿ ಮುಚ್ಚಿಟ್ಟು, ಅತ್ತೆ ಕೇಳಿದಾಗ ರಕ್ತ ಕಡಿಮೆಯಾಗಿದೆ ಎಂದೆ.

ಮೂರು ತಿಂಗಳು ಏನೂ ಆಗಲಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಬೆಳೆಗೆ ಎಡೆಯ ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಉಂಡು ಬಂದೆವು. ಅದಾದ ಮೂರನೆಯ ದಿನ ಬೆಳಿಗ್ಗೆ ಎದ್ದಾಗ ಮಚ್ಚೆ ಜೇನು ಕಚ್ಚಿದಂತೆ ಕೆಂಪಗೆ ಉಬ್ಬಿತ್ತು. ಮುಟ್ಟಿದರೆ ಬಿಸಿ. ಮೊಣಕೈಯ ಒಳಗಿನ ಎಲುಬಿನ ಹತ್ತಿರ ಹಗ್ಗದಂತೆ ಏನೋ ದಪ್ಪಗೆ ಕೈಗೆ ಸಿಗುತ್ತಿತ್ತು. ಅದನ್ನು ಒತ್ತಿದರೆ ಕಿರುಬೆರಳಿನವರೆಗೆ ಕರೆಂಟು ಹೊಡೆದಂತೆ ನೋವು ಹರಿಯುತ್ತಿತ್ತು. ಒಂದು ವರ್ಷ ಸುಮ್ಮನಿದ್ದ ಕೈ ಈಗ ಒಂದೇ ಸಮನೆ ಕೂಗತೊಡಗಿತು. ಮಧ್ಯಾಹ್ನ ಉಪ್ಪಿನ ಬಟ್ಟಲು ಕೈಯಿಂದ ಜಾರಿತು. ಮರುದಿನ ಕಿರುಬೆರಳು, ಉಂಗುರ ಬೆರಳು ಎರಡೂ ಒಳಗೆ ಬಾಗಿ ನಿಂತವು. ನೆಟ್ಟಗೆ ಮಾಡಲು ನೋಡಿದೆ, ಆಗಲಿಲ್ಲ. ಎಡಗೈಯಿಂದ ಹಿಡಿದು ನೆಟ್ಟಗೆ ಮಾಡಿ ಬಿಟ್ಟರೆ ಮತ್ತೆ ಬಾಗುತ್ತಿದ್ದವು. ಬಸ್ ನಿಲ್ದಾಣದಲ್ಲಿ ಚಾಪೆ ಹಾಸಿ ಕೂರುತ್ತಿದ್ದ ಒಬ್ಬ ಮುದುಕನ ಬೆರಳು ಹಾಗೆಯೇ ಇದ್ದವು. ಇನ್ನು ಬರೆಯುವುದು ಬೇಡ, ಯಾವ ಹೆದರಿಕೆ ಎಂದು ಓದುವವರಿಗೆ ತಿಳಿಯುತ್ತದೆ.

ಇಬ್ರಾಹಿಂ ಸರ್ ರಂಜಾನಿಗೆಂದು ರಜೆ ಹಾಕಿ ಮುದ್ದೇಬಿಹಾಳಕ್ಕೆ ಹೋಗಿದ್ದರು. ಕೈ ಮುಚ್ಚಿಡಲು ಆಗಲಿಲ್ಲ. ಅತ್ತೆ ನೋಡಿ ತೀರ್ಮಾನ ಕೊಟ್ಟೇಬಿಟ್ಟರು.

"ಗುಳಿಗಿ ಉಷ್ಣ ಆಗ್ಯಾವು. ರಕ್ತಕ್ಕ ಕೊಟ್ಟ ಗುಳಿಗಿ ರಕ್ತಾನ ಕುದಸಾಕತ್ತಾವು. ಬಿಡು ಅವನ್ನ."

ನನಗೂ ಅದೇ ಸರಿ ಕಂಡಿತು. ಗುಳಿಗೆ ನುಂಗುವ ಮೊದಲು ನೋವು ಇರಲಿಲ್ಲ, ಬೆರಳು ನೆಟ್ಟಗಿದ್ದವು. ನುಂಗಿದ ಮೇಲೆ ಹೀಗಾಯಿತು. ಬೇರೆ ಯಾರಾದರೂ ಬೇರೆ ಏನು ತಿಳಿದಾರು. ಒಂಬತ್ತು ದಿನ ಗುಳಿಗೆ ಬಿಟ್ಟೆ. ಕ್ಯಾಲೆಂಡರಿನಲ್ಲಿ ಆ ಒಂಬತ್ತು ಚೌಕ ಖಾಲಿ ಇವೆ. ಎಡಗೈಯಿಂದ ಬರೆಯಲು ಬರುತ್ತಿರಲಿಲ್ಲ.

ಅತ್ತೆಗೆ ಬಾವು ಇಳಿಸುವ ಒಂದೇ ದಾರಿ ಗೊತ್ತು, ಉಪ್ಪಿನ ಶಾಖ. ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ತಮ್ಮ ಮೊಣಕಾಲಿಗೆ ಮುಟ್ಟಿಸಿ ನೋಡಿ, ಆಮೇಲೆ ನನ್ನ ಕೈಗೆ ಒತ್ತುತ್ತಿದ್ದರು. ಮೊಣಕೈಯ ನೋವಿಗೆ ಅದು ಹಿತವೆನಿಸುತ್ತಿತ್ತು. ಎಂಟನೆಯ ದಿನ ಮಚ್ಚೆಯ ಮೇಲೂ ಇಟ್ಟರು.

"ತಾಳತೈತೇನ?" ಎಂದು ಕೇಳಿದರು.

"ತಾಳತೈತ್ರಿ ಅತ್ತಿ. ಇನ್ನೊಂಚೂರು ಬಿಸಿ ಇದ್ರೂ ನಡೀತೈತಿ" ಎಂದೆ.

ಹೌದು, ಹಾಗೇ ಹೇಳಿದೆ. ನೀಲಿ ಚುಕ್ಕೆಗಳನ್ನು ಕಣ್ಣಾರೆ ಕಂಡವಳು ನಾನು. ಆ ಜಾಗಕ್ಕೆ ಏನೂ ತಿಳಿಯುವುದಿಲ್ಲ ಎಂದು ಗೊತ್ತಿದ್ದವಳು ನಾನು. ಆದರೂ ಬಿಸಿ ತಾಳುವುದು ನನ್ನ ಗುಣ ಎಂದು ಎಷ್ಟೋ ಜನ ಎಷ್ಟೋ ದಿನ ಹೊಗಳಿದ್ದರಲ್ಲ, ಅದು ನಾಲಿಗೆಯ ಮೇಲೇ ಕೂತಿತ್ತು. ಅತ್ತೆ ಗಂಟನ್ನು ಮತ್ತೆ ಹಂಚಿನ ಮೇಲೆ ಕಾಯಿಸಿ ತಂದು ಒತ್ತಿ ಹಿಡಿದರು. "ಗಟ್ಟಿ ಹೆಣ್ಣು" ಎಂದರು.

ಮರುದಿನ ಬೆಳಿಗ್ಗೆ ಮಚ್ಚೆಯ ಚರ್ಮ ಸುಲಿದು ಬಂದಿತ್ತು. ಒಳಗಿನ ಕೆಂಪು ಮಾಂಸ ಕಾಣುತ್ತಿತ್ತು, ಬಟ್ಟೆಗೆ ಅಂಟಿತ್ತು, ಮತ್ತು ನನಗೆ ಏನೂ ಅನ್ನಿಸುತ್ತಿರಲಿಲ್ಲ. ಅತ್ತೆ ಅದನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಅಷ್ಟು ದೊಡ್ಡ ಸುಟ್ಟಗಾಯ, ಮುಖದಲ್ಲಿ ನೋವಿಲ್ಲ.

"ಸುವರ್ಣಾ, ಇದು ರಕ್ತದ ಜಡ್ಡು ಅಲ್ಲ. ಖರೇ ಹೇಳು."

ಹೇಳಿದೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತಿದ್ದರು, ತಾಯಿಯ ಕಡೆ ನೋಡಲಿಲ್ಲ. ಅತ್ತೆ ಉಪ್ಪಿನ ಗಂಟು ಬಿಚ್ಚಿ ಉಪ್ಪನ್ನು ಹೊರಗೆ ಚೆಲ್ಲಿ ಬಂದು ಕೂತರು. ಈಗ ತಾಟು, ಚರಿಗೆ ಬೇರೆ ಮಾಡುತ್ತಾರೆ, ಹಿಂದಿನ ಖೋಲಿಗೆ ಕಳಿಸುತ್ತಾರೆ, ಮಗಳಿಗೆ ಬರಬೇಡ ಎಂದು ಪತ್ರ ಬರೆಸುತ್ತಾರೆ ಎಂದು ನಾನು ಒಂದೊಂದಾಗಿ ಎಣಿಸುತ್ತಿದ್ದೆ.

"ನಮ್ಮಕ್ಕಗ ಇದ ಆಗಿತ್ತು" ಎಂದರು ಅತ್ತೆ. "ಹೊಲದಾಗ ಗುಡಸಲಾ ಹಾಕಿ ಇಟ್ಟಿದ್ರು. ನಾ ಸಣ್ಣಾಕಿ, ಬುತ್ತಿ ಒಯ್ಯೂದು ನನ್ನ ಕೆಲಸ. ಕಲ್ಲಿನ ಮ್ಯಾಲೆ ಇಟ್ಟು ಓಡಿ ಬರ್ತಿದ್ನಿ. ಆಕಿ ಒಳಗಿಂದ ನನ್ನ ಹೆಸರು ಹಿಡದು ಕರೀತಿದ್ಲು. ಒಂದು ದಿನಾನೂ ತಿರುಗಿ ನೋಡ್ಲಿಲ್ಲ." ಎದ್ದು, ಹಳೆಯ ಮೆತ್ತನೆಯ ಧೋತರ ಹರಿದು ತಂದು ನನ್ನ ಗಾಯಕ್ಕೆ ಕಟ್ಟಿದರು. ಕಟ್ಟುತ್ತಲೇ ಮಗನಿಗೆ, "ನೀ ಏನ್ ನೋಡ್ತಿ ನಿಂತು. ಆ ಸರನ್ನ ಕರಕೊಂಡು ಬಾ, ಎಲ್ಲಿದ್ರೂ ಬಿಡಬ್ಯಾಡ" ಎಂದರು.

ಪುಣ್ಯಕ್ಕೆ ಇಬ್ರಾಹಿಂ ಸರ್ ಅವತ್ತೇ ಊರಿಂದ ಮರಳಿದ್ದರು. ಕೈ ನೋಡಿ, ಒಂಬತ್ತು ದಿನದ ಗುಳಿಗೆ ಹಾಗೇ ಉಳಿದಿರುವುದನ್ನು ನೋಡಿ, ಬಾಗಿಲ ಮೆಟ್ಟಿಲ ಮೇಲೆ ಕೂತರು. ಬಯ್ಯಲಿಲ್ಲ. "ತಪ್ಪು ನಂದ ಐತ್ರಿ. ಬ್ಯಾನಿ ಬರಬಹುದು ಅಂತ ಮೊದಲ ಹೇಳಬೇಕಿತ್ತು. ನೀವು ಹೆದರ್ತೀರಿ ಅಂತ ಬಿಟ್ನಿ" ಎಂದರು. ಕಿರುಬೆರಳನ್ನು ಹಿಡಿದು ನೋಡಿ, "ತಡಾ ಮಾಡಿದ್ರ ಈ ಬೆರಳು ಹಿಂಗ ಉಳೀತಾವು. ನಾಳೆ ಡಾಕ್ಟರಿಗೆ ತೋರಸ್ಬೇಕು" ಎಂದರು.

ಸಿಂದಗಿಯ ದವಾಖಾನೆಗೆ ನಾನು ಹೋಗುವುದಿಲ್ಲ ಎಂದೆ. ಅಲ್ಲಿಯ ಅರ್ಧ ಮಂದಿ ನಮ್ಮಲ್ಲಿ ಉಣ್ಣುವವರು. ಇಂಡಿಯಲ್ಲಿ ವಾರಕ್ಕೊಮ್ಮೆ ಚರ್ಮದ ಡಾಕ್ಟರು ಬರುತ್ತಾರೆ, ನಾಳೆಯೇ ಆ ದಿನ ಎಂದು ಅವರು ಚೀಟಿ ಬರೆದುಕೊಟ್ಟರು.

ಬಸ್ಸಿನಲ್ಲಿ ಸೆರಗಿನೊಳಗೆ ಕೈ ಮುಚ್ಚಿಕೊಂಡು ಕೂತಿದ್ದೆ. ತಾಂಬಾದಲ್ಲಿ ಹತ್ತಿದ ಒಬ್ಬ ಹೆಣ್ಣುಮಗಳು ನನ್ನ ಪಕ್ಕ ಕೂತಳು. ನನ್ನದೇ ವಯಸ್ಸು, ಇಳಕಲ್ ಸೀರೆ, ಕೊರಳಲ್ಲಿ ದಪ್ಪ ಸರ. ಎಲ್ಲಿಗೆ ಎಂದು ಕೇಳಿದಳು. ಕಣ್ಣು ತೋರಿಸಲು ಎಂದೆ. ನೀವು ಎಂದು ಕೇಳಿದೆ. ಮೊಣಕಾಲು ತೋರಿಸಲು ಎಂದಳು. ಬೆಳೆಯ ಮಾತು, ಸೊಸೆಯಂದಿರ ಮಾತು ಆಡಿದೆವು. ಇಂಡಿಯಲ್ಲಿ ಇಳಿದು ಇಬ್ಬರೂ ಒಂದೇ ದವಾಖಾನೆಗೆ ಹೋದೆವು, ಒಂದೇ ಪಡಸಾಲೆಯ ಒಂದೇ ಬೆಂಚಿನ ಮೇಲೆ, ಚರ್ಮದ ಡಾಕ್ಟರ ಬಾಗಿಲ ಮುಂದೆ ಕೂತೆವು. ಅರ್ಧ ತಾಸು ಒಬ್ಬರೊಬ್ಬರ ಮುಖ ನೋಡಲಿಲ್ಲ.

ಕೊನೆಗೆ ಅವಳೇ ಬಾಯಿಬಿಟ್ಟಳು. "ಕಣ್ಣು ಅಂದ್ರಿ?"

"ಮೊಣಕಾಲು ಅಂದ್ರಿ?"

"ಅದರ ಕೆಳಗ ಐತ್ರಿ" ಎಂದು ಸೀರೆಯನ್ನು ಒಂದಿಷ್ಟು ಸರಿಸಿ ಪಾದ ತೋರಿಸಿದಳು. ಅಂಗಾಲಿಗೆ ಪಟ್ಟಿ ಕಟ್ಟಿತ್ತು. "ಎರಡು ವರ್ಷದಿಂದ ಬರಾಕತ್ತೇನಿ. ಮನ್ಯಾಗ ಇನ್ನೂ ಮೊಣಕಾಲ ಅಂತ ತಿಳದಾರ. ನಮ್ಮ ಯಜಮಾನ್ರು ಮೊಣಕಾಲಿಗೆ ಅಂತ ಎಣ್ಣಿ ತಂದು ಕೊಡ್ತಾರ, ಹಚ್ಕೋತೇನಿ. ಏನ್ ಮಾಡೂದು."

ಇಬ್ಬರಿಗೂ ನಗು ಬಂತು. ಹತ್ತು ದಿನದಲ್ಲಿ ನಾನು ನಕ್ಕದ್ದು ಅದೇ ಮೊದಲು. ಇದನ್ನು ಓದುವವರಲ್ಲಿ ಯಾರಾದರೂ ಅಂಥ ಬೆಂಚಿನ ಮೇಲೆ ಮುಖ ತಿರುಗಿಸಿ ಕೂತವರಿದ್ದರೆ, ಪಕ್ಕದವರ ಕಡೆ ಒಮ್ಮೆ ನೋಡಿ. ಅವರೂ ಸುಳ್ಳನ್ನೇ ಹೇಳಿ ಮನೆ ಬಿಟ್ಟು ಬಂದಿರುತ್ತಾರೆ.

ಡಾಕ್ಟರು ವಯಸ್ಸಾದವರು. ಗಾಯ ನೋಡಿ, ಮೊಣಕೈಯ ನರ ಒತ್ತಿ ನೋಡಿ, ಒಂದು ಕಾಗದದ ಚೂರನ್ನು ನನ್ನ ಕಿರುಬೆರಳು ಉಂಗುರಬೆರಳುಗಳ ಸಂದಿಗೆ ಇಟ್ಟು, "ಬಿಗಿ ಹಿಡೀವಾ" ಎಂದರು. ಹಿಡಿದೆ. ಅವರು ಎಳೆದರು ಎಂದೂ ಅನ್ನಿಸಲಿಲ್ಲ, ಕಾಗದ ತಾನೇ ಬಿದ್ದಂತೆ ಹೊರಗೆ ಬಂತು.

"ಗುಳಿಗಿಯಿಂದ ಜಡ್ಡು ಹೆಚ್ಚಾತ್ರಿ ಸಾಹೇಬ್ರ" ಎಂದೆ.

"ಜಡ್ಡು ಹೆಚ್ಚಾಗಿಲ್ಲ. ಇದು ನಿನ್ನ ಮೈ ಮಾಡಾಕತ್ತಿದ್ದು" ಎಂದರು. ನನಗೆ ತಿಳಿಯಲಿಲ್ಲ ಎಂದು ಅವರಿಗೆ ಗೊತ್ತಾಯಿತು. ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಈಗ ಜ್ವಾಳ ಹಾಲುಗಾಳ ಹಿಡದಾವ ಹೌದಿಲ್ಲೋ. ಹೊಲದಾಗ ಹಕ್ಕಿ ಹೊಕ್ಕಿರ್ತಾವ. ಕಾಯಾಂವ ನಿದ್ದಿ ಮಾಡ್ಯಾನು ಅಂದ್ರ ಹಕ್ಕಿ ಸಪ್ಪಳಿಲ್ದ ತಿಂತಾವ, ಹೊಲ ನೋಡಾಕ ಶಾಂತ ಇರ್ತೈತಿ. ನಿನ್ನ ಕೈ ಇಷ್ಟು ದಿನ ಹಂಗಿತ್ತು. ಕ್ರಿಮಿ ನರದಾಗ ಕುಂತಿದ್ದು ಮೈಗೆ ಗೊತ್ತಾಗಿದ್ದಿಲ್ಲ. ಗುಳಿಗಿ ಅವನ್ನ ಕೊಲ್ಲಾಕ ಹತ್ತಿದ ಮ್ಯಾಲೆ ಕಾಯಾಂವಗ ಎಚ್ಚರ ಆತು. ಎದ್ದಾಂವನ ಕವಣಿ ಬೀಸಾಕ ನಿಂತಾನ. ಹಕ್ಕಿ ಎಲ್ಲೈತಿ, ತೆನಿ ಎಲ್ಲೈತಿ ನೋಡಂಗಿಲ್ಲ. ಕಲ್ಲು ತೆನಿಗೂ ಬೀಳತಾವ. ಆ ತೆನಿ ಅಂದ್ರ ನಿನ್ನ ನರ."

"ಅಂದ್ರ ನನ್ನ ಮೈಯ ನನ್ನ ಕೈ ಕೆಡಸಾಕತ್ತೈತೇನ್ರಿ?"

"ಕಾಯಾಕ ಹೋಗಿ ಕೆಡಸಾಕತ್ತೈತಿ. ಆ ಕಾಯಾಂವನ್ನ ಒಂದೀಟು ಸಮಾಧಾನ ಮಾಡಾಕ ಬ್ಯಾರೆ ಗುಳಿಗಿ ಕೊಡ್ತೇನಿ. ಹಳೀವನ್ನೂ ಬಿಡಬಾರದು. ಬಿಟ್ರ ಹಕ್ಕಿ ಉಳೀತಾವ, ಕವಣಿ ಬೀಸಾಂವನೂ ಉಳೀತಾನ."

ಜನರಿಗೆ ಈ ಮಾತಿನಿಂದ ಧೈರ್ಯ ಬರುತ್ತದೆಯೇನೋ. ನನಗೆ ಅವತ್ತು ಬಂದದ್ದು ಹೊಸ ಹೆದರಿಕೆ. ಹೊರಗಿನಿಂದ ಬಂದದ್ದಾದರೆ ಬಾಗಿಲು ಹಾಕಬಹುದು, ಬೇಲಿ ಕಟ್ಟಬಹುದು. ನನ್ನದೇ ಮೈ ಸಿಟ್ಟಿಗೆದ್ದು ನನ್ನ ಬೆರಳು ತಿನ್ನುತ್ತಿದ್ದರೆ ಯಾರನ್ನು ದೂರುವುದು, ಎಲ್ಲಿ ಅಡಗುವುದು. ಬಸ್ಸಿನಲ್ಲಿ ಮರಳುವಾಗ ಎರಡೂ ಕಡೆ ಜೋಳ ನಿಂತಿತ್ತು, ಹೊಲದ ಅಟ್ಟದ ಮೇಲೆ ನಿಂತು ಹಕ್ಕಿ ಕಾಯುವವರು ಹೋ ಎಂದು ಕೂಗುತ್ತಿದ್ದರು. ನಾನು ಕಿಟಕಿಯ ಪರದೆ ಎಳೆದುಬಿಟ್ಟೆ.

ಮುಂದಿನ ನಾಲ್ಕು ತಿಂಗಳ ಚೌಕಗಳಲ್ಲಿ ಹೆಚ್ಚು ಏನಿಲ್ಲ. ಹೊಸ ಗುಳಿಗೆ ಮೊದಲು ಹೆಚ್ಚು, ಆಮೇಲೆ ಹದಿನೈದು ದಿನಕ್ಕೊಮ್ಮೆ ಒಂದೊಂದು ಕಡಿಮೆ. ಬಾವು ವಾರದಲ್ಲಿ ಇಳಿಯಿತು, ಬೆರಳು ನೆಟ್ಟಗಾಗಲಿಲ್ಲ. ಮಲಗುವಾಗ ಕೈಗೆ ಹಲಗೆಪಟ್ಟಿ ಕಟ್ಟಬೇಕು. ಆ ಗುಳಿಗೆಗೆ ಹಸಿವೆ ಎಂದರೆ ಹಸಿವೆ, ನಾಲ್ಕು ಸಲ ಉಣ್ಣುತ್ತಿದ್ದೆ. ಗಲ್ಲ ಉಬ್ಬಿ ಕಣ್ಣು ಸಣ್ಣಗಾದವು. "ಅಕ್ಕಾರು ಮೈ ಹಿಡದಾರ, ಖಾನಾವಳಿ ಲಾಭದಾಗ ಐತಿ" ಎಂದು ಕಂಡಕ್ಟರು ನಕ್ಕರೆ ನಾನೂ ನಗುತ್ತಿದ್ದೆ. ರೊಟ್ಟಿ ಬಡಿಯುವುದು ಡಾಕ್ಟರರು ಬಿಡಿಸಿದ್ದರು. ಅತ್ತೆ ರೊಟ್ಟಿಯ ಹಲಗೆಯ ಪಕ್ಕ ಕೂತು ಹೇಳಿಕೊಡುತ್ತ, ನಮ್ಮ ಮನೆಯವರು ಬಡಿಯಲು ಕಲಿತರು. "ಮಾಲಕರ, ಇದನ್ನ ಹರಿಯಾಕ ಒಂದು ಜೋಡಿ ಎತ್ತು ಕೊಡ್ರಿ" ಎಂದರು ಮಾಸ್ತರೊಬ್ಬರು. ಒಬ್ಬಿಬ್ಬರು ಬರುವುದು ಬಿಟ್ಟರು. ರೊಟ್ಟಿಯ ಸಲುವಾಗಿಯೋ, ಸುದ್ದಿ ಗೊತ್ತಾಗಿಯೋ, ಇವತ್ತಿಗೂ ತಿಳಿಯದು.

ನನ್ನ ಕೆಲಸ ಒಂದೇ. ಹಳೆಯ ಲಗ್ನಪತ್ರಿಕೆಯೊಂದನ್ನು ಬೆರಳ ಸಂದಿಗೆ ಇಟ್ಟು ಬಿಗಿಹಿಡಿಯುವುದು, ಅತ್ತೆ ಎಳೆಯುವುದು. ದಿನಕ್ಕೆ ಎಷ್ಟು ಸಲವೋ. ಎರಡು ತಿಂಗಳು ಪ್ರತಿ ಸಲವೂ ಅವರೇ ಗೆದ್ದರು. ಒಂದು ದಿನ ಗೆದ್ದ ಮೇಲೆ, "ಇವತ್ತು ಒಂದೀಟು ಜೋರು ಹಚ್ಚಬೇಕಾತು ನೋಡು" ಎಂದರು. ನನ್ನ ಸಮಾಧಾನಕ್ಕೆ ಹೇಳಿದರು ಎಂದುಕೊಂಡೆ. ಬಸವನ ಬಾಗೇವಾಡಿಯಲ್ಲಿ ಮಗಳಿಗೆ ಸೀಮಂತದ ಕುಬಸ ಮಾಡುವ ಸುದ್ದಿ ಬಂತು, ಬಲಗೈ ಸೆರಗಿನಲ್ಲಿ ಮುಚ್ಚಿಕೊಂಡು ಉಡಿ ತುಂಬಲು ಹೇಗೆ ಹೋಗುವುದೆಂದು ನಾನು ಹೋಗಲಿಲ್ಲ. ಪತ್ರದಲ್ಲಿ ಎಲ್ಲವನ್ನೂ ಬರೆದು, ಬರುವುದು ಬಿಡುವುದು ನಿನಗೆ ಬಿಟ್ಟದ್ದು ಎಂದು ಕಳಿಸಿದೆ. ಹನ್ನೊಂದು ದಿನ ಉತ್ತರವಿಲ್ಲ. ಹನ್ನೆರಡನೆಯ ದಿನ ಅವಳೇ ಗಂಡನ ಜೊತೆ ಬಂದು ಇಳಿದಳು, ಏಳು ತಿಂಗಳ ಹೊಟ್ಟೆ ಹೊತ್ತು.

"ಇವರಿಗೆ ತೋರಿಸೀನಿ ಪತ್ರ" ಎಂದಳು. "ಇವರು ಡಾಕ್ಟರಿಗೆ ಕೇಳಿ ಬಂದು, ಹೋಗು ಅಂದ್ರು. ನಮ್ಮತ್ತಿಗೆ ಹೇಳಿಲ್ಲ. ಅಷ್ಟು ಧೈರ್ಯ ನನಗಿಲ್ಲವ್ವ."

ವೈಶಾಖದ ಬಿಸಿಲಲ್ಲಿ ಕೊನೆಯ ಸಲ ಇಂಡಿಗೆ ಹೋದೆ. ಡಾಕ್ಟರರು ಕಾಗದ ಇಟ್ಟು ಎಳೆದರು. ಎಳೆದರು, ಮತ್ತೊಮ್ಮೆ ಎಳೆದರು. ಕಾಗದ ಹರಿಯಿತು. ಅವರ ಕೈಯಲ್ಲಿ ಅರ್ಧ, ನನ್ನ ಬೆರಳಲ್ಲಿ ಅರ್ಧ. "ಬರೋಬ್ಬರಿ" ಎಂದರು. ಬೆರಳು ನೆಟ್ಟಗೆ ನಿಲ್ಲುತ್ತಿದ್ದವು, ಕಿರುಬೆರಳು ಒಂದಿಷ್ಟು ಬಾಗಿತ್ತು, ಅಷ್ಟೇ. ಆಮೇಲೆ ಪೆನ್ನು ತೆಗೆದು ಕಣ್ಣು ಮುಚ್ಚಿಸಿದರು. ಕಿರುಬೆರಳಿನಲ್ಲಿ, ಅಂಗೈಯ ಹೊರ ಅಂಚಿನಲ್ಲಿ ಏನೂ ಗೊತ್ತಾಗಲಿಲ್ಲ. "ಶಕ್ತಿ ಬಂತು, ಅರಿವು ಬರಂಗಿಲ್ಲ. ಇನ್ನ ಮ್ಯಾಲೆ ಬಿಸಿ ತಣ್ಣಗ ಕೈ ಹೇಳಂಗಿಲ್ಲ, ಕಣ್ಣು ಹೇಳಬೇಕು" ಎಂದರು.

ಕಣ್ಣಿಗೆ ನೀರಿನ ಬಿಸಿ ಹೇಗೆ ಕಾಣುತ್ತದೆ. ದಾರಿಯುದ್ದಕ್ಕೂ ಅದೇ ಯೋಚನೆ. ಕೂಸಿಗೆ ಎರೆಯುವುದೆಂದರೆ ಒಂದು ಕೈಯಲ್ಲಿ ತಂಬಿಗೆ, ಕೂಸನ್ನು ಹಿಡಿದ ಇನ್ನೊಂದು ಕೈ ನೀರಿನ ಹದ ನೋಡುತ್ತಲೇ ಇರಬೇಕು. ಉಪ್ಪಿನ ಗಂಟಿನ ದಿನ ನಾನು "ತಾಳತೈತಿ" ಅಂದದ್ದು ನನ್ನ ಕೈಗೆ. ಕೂಸಿನ ಮೈಗೆ ಅಂದರೆ?

ಹೆಣ್ಣು ಹುಟ್ಟಿತು. ಮೊದಲ ನಾಲ್ಕು ದಿನ ನಾನು ಕೂಸಿಗೆ ಎರೆಯಲು ಬಚ್ಚಲಿಗೆ ಹೋಗಲೇ ಇಲ್ಲ, ಒಲೆ ಬಿಡಲು ಆಗುವುದಿಲ್ಲ ಎಂದು ನೆಪ ಹೇಳಿದೆ. ಕೂಸಿನ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ಮಗಳು ಬೇಸತ್ತಳು. ಐದನೆಯ ದಿನ ಅತ್ತೆ ಕೋಲೂರಿಕೊಂಡು ಬಂದು ಬಚ್ಚಲ ಕಟ್ಟೆಯ ಮೇಲೆ ಕೂತರು.

"ನನ್ನ ಕಾಲಾಗ ಶಕ್ತಿ ಇಲ್ಲ, ನಿನ್ನ ಕೈಯಾಗ ಅರಿವಿಲ್ಲ. ಇಬ್ರೂ ಕೂಡಿದ್ರ ಒಂದು ಹೆಣ್ಣಮಗಳು ಆಗ್ತೇವಿ. ಕೂಡು."

ಕೂತು ಕಾಲು ಚಾಚಿದೆ. ಮಗಳು ಕೂಸನ್ನು ನನ್ನ ಕಾಲಿನ ಮೇಲೆ ಬೋರಲು ಮಲಗಿಸಿದಳು. ಅತ್ತೆ ಬಕೆಟ್ಟಿನಲ್ಲಿ ಮೊಣಕೈವರೆಗೆ ಕೈ ಇಳಿಸಿದರು, ತಣ್ಣೀರು ಬೆರೆಸಿದರು, ಮತ್ತೆ ಇಳಿಸಿದರು. "ಹಾಕು" ಎಂದರು. ನಾನು ತಂಬಿಗೆ ತುಂಬಿ ಬೆನ್ನಿನ ಮೇಲೆ ಬಿಟ್ಟೆ. ಕೂಸು ಕಿರುಚಿತು. ತಂಬಿಗೆ ಕೈಯಿಂದ ಬಿಸಾಡಿದೆ.

"ಬಿಸಿ ಐತ್ರಿ ಅತ್ತಿ, ಬಿಸಿ ಐತಿ."

"ಇಲ್ಲ. ಕೂಸಂದ್ರ ಅಳ್ತೈತಿ. ನಿನ್ನ ಗಂಡನೂ ಹಿಂಗ ಅಳ್ತಿದ್ದ, ಈಗೂ ಎರಕೋ ಅಂದ್ರ ಅಳ್ತಾನ. ತುಂಬು."

ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಕೂಸಿನ ಬೆನ್ನು ನೋಡಿದೆ. ಕೆಂಪಾಗಿರಲಿಲ್ಲ. ಎಡಗೈಯಿಂದ ಮುಟ್ಟಿ ನೋಡಿದೆ. ಎರಡನೆಯ ತಂಬಿಗೆ, ಮೂರನೆಯ ತಂಬಿಗೆ. ಪ್ರತಿಯೊಂದಕ್ಕೂ ಅತ್ತೆಯ ಮುಖ ನೋಡುತ್ತಿದ್ದೆ, ಅವರು "ಹೂಂ" ಎನ್ನುತ್ತಿದ್ದರು. ಆರನೆಯ ತಂಬಿಗೆಗೆ ಕೂಸು ಅಳು ನಿಲ್ಲಿಸಿತು. ಬಲಗೈಯ ಐದೂ ಬೆರಳು ಕೂಡಿಸಿ ಅದರ ಗಲ್ಲದ ಕೆಳಗೆ ಆಧಾರ ಕೊಟ್ಟು ಹಿಡಿದಿದ್ದೆ. ಹಿಡಿತ ಸಡಿಲಾಗಲಿಲ್ಲ.

ಅವತ್ತು ಮಗಳಿಗೆ ಬಿಸಿ ಅನ್ನ, ತುಪ್ಪ, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು. ನಮಗೆ ಮನೆಯವರು ಬಡಿದ ದಪ್ಪ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ. ಅತ್ತೆ ಒಂದೂವರೆ ರೊಟ್ಟಿ ಉಂಡರು. ನಾನು ಎರಡು. ಮೊದಲು ಮಲಗಿದ್ದು ಕೂಸು, ಎರೆದ ಮೇಲೆ ಹಾಕಿದ ಲೋಬಾನದ ಹೊಗೆ ಆರುವ ಮೊದಲೇ.